ನಮ್ಮ ನೆಲದ ಚಿತ್ರ ಬರೆದವರು



ಶಹಾಪುರದ ಗುಡ್ಡವನ್ನು ನೀವೆಲ್ಲ ಕಂಡಿರುತ್ತೀರಿ. ಸಂತೆಗೆ ಹೋದವರು, ಬಂಡಿ ಹೊಡೆದುಕೊಂಡು ಹೋದವರು, ಬಸ್ಸಿನ ಕಿಟಕಿಯಿಂದ ಇಣುಕಿದವರು, ಎಲ್ಲರೂ ಕಂಡಿರುತ್ತೀರಿ. ದೂರದಿಂದ ನೋಡಿದರೆ ಆ ಗುಡ್ಡದ ಸಾಲು ಬುದ್ಧದೇವನು ಅಂಗಾತ ಮಲಗಿ ನಿದ್ರಿಸುವಂತೆ ತೋರುತ್ತದೆ. ಇದು ತಲೆ, ಇದು ಎದೆ, ಇದು ಕಾಲು ಎಂದು ಮಕ್ಕಳಿಗೆ ಬೆರಳು ಮಾಡಿ ತೋರಿಸಬಹುದು. ಆದರೆ ಹಾಗೆಯೇ ನಡೆಯುತ್ತ ಗುಡ್ಡದ ಬುಡಕ್ಕೆ ಹೋಗಿ ನಿಂತು ನೋಡಿರಿ. ಬುದ್ಧನೂ ಇಲ್ಲ, ನಿದ್ರೆಯೂ ಇಲ್ಲ. ಬರೀ ಬಂಡೆಗಲ್ಲು, ಕುರುಚಲು ಗಿಡ, ಮಳೆನೀರು ಕೊರೆದ ಕೊರಕಲು. ಗುಡ್ಡವೇನೂ ಬದಲಾಗಲಿಲ್ಲ, ನಾವು ನಿಂತ ಜಾಗ ಬದಲಾಯಿತು, ಅಷ್ಟೆ.

ಇಂದು ನಾನು ಹೇಳಹೊರಟ ಮಾತಿಗೂ ಈ ಗುಡ್ಡಕ್ಕೂ ಸಂಬಂಧವುಂಟು. ಈಗಿನ ಕಾಲದಲ್ಲಿ ನಮ್ಮ ಊರಿಗೆ ಯಾವ ಕೆಲಸ ಬಂದರೂ ಅದಕ್ಕಿಂತ ಮೊದಲು ಒಂದು ಚಿತ್ರ ಬರುತ್ತದೆ. ಗ್ರಾಮಸಭೆಯಲ್ಲಿ ಗೋಡೆಗೆ ಬಣ್ಣಬಣ್ಣದ ನಕಾಶೆ ತೂಗುಹಾಕುತ್ತಾರೆ. ‘ಇಲ್ಲಿ ತಡೆಒಡ್ಡು ಬರ್ತದ, ಇಲ್ಲಿ ಕೃಷಿ ಹೊಂಡ ಬರ್ತದ, ಮೂರು ವರ್ಷದಾಗ ನಿಮ್ಮ ಊರು ಹಿಂಗ ಕಾಣ್ತದ’ ಎಂದು ಗಣಕಯಂತ್ರದಲ್ಲಿ ಮಾಡಿದ ಇನ್ನೊಂದು ಚಿತ್ರವನ್ನೂ ತೋರಿಸುತ್ತಾರೆ. ನಾವು ನೋಡುತ್ತೇವೆ, ತಲೆಯಾಡಿಸುತ್ತೇವೆ, ರುಜು ಹಾಕುತ್ತೇವೆ. ಆಮೇಲೆ ಒಡ್ಡು ತಪ್ಪಿದ ಜಾಗದಲ್ಲಿ ಬಿದ್ದರೆ ಕೊಚ್ಚಿಹೋಗುವ ಮಣ್ಣು ಚಿತ್ರ ಬರೆದವನದಲ್ಲ, ನಮ್ಮದು.

ಆದಕಾರಣ ನೆಲದ ಚಿತ್ರವನ್ನು ಓದುವುದನ್ನೂ, ಅದನ್ನು ತೂಗಿ ನೋಡುವುದನ್ನೂ ನಾವು ಕಲಿಯಬೇಕಾಗಿದೆ. ಯಾದಗಿರಿ, ಶಹಾಪುರ, ಸುರಪುರಗಳ ನೆಲವನ್ನು ಇದುವರೆಗೆ ಯಾರು ಯಾರು ಚಿತ್ರಿಸಿದರು, ಯಾತಕ್ಕಾಗಿ ಚಿತ್ರಿಸಿದರು ಎಂಬ ಇತಿಹಾಸವನ್ನು ನೋಡಿದರೆ ಈ ವಿದ್ಯೆ ತಾನಾಗಿ ತಿಳಿಯುತ್ತದೆ.

ಕೆರೆ ಕಟ್ಟಿದವರ ಕಣ್ಣು

ಕಾಗದ ಬರುವ ಮೊದಲೂ ನೆಲವನ್ನು ಓದಬಲ್ಲವರು ನಮ್ಮಲ್ಲಿದ್ದರು. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ತ್ವಜ್ಞ ಕೆ. ಪದ್ದಯ್ಯನವರು 1970ರ ದಶಕದಿಂದ ಹುಣಸಗಿ ಮತ್ತು ಬೈಚಬಾಳದ ಕಣಿವೆಯಲ್ಲಿ ಹಳ್ಳಹಳ್ಳ ತಿರುಗಿ, ಆದಿಮಾನವರ ಕಲ್ಲಿನ ಆಯುಧಗಳು ದೊರೆತ ಜಾಗಗಳನ್ನೆಲ್ಲ ನಕಾಶೆಯ ಮೇಲೆ ಗುರುತಿಸಿದರು. ಹಾಗೆ ಗುರುತಿಸಿದ ಮೇಲೆ ಒಂದು ಸಂಗತಿ ಎದ್ದು ಕಂಡಿತು. ಬೇಸಿಗೆಯಲ್ಲಿಯೂ ಒರತೆಯ ನೀರು ಸಿಗುವ ಹಳ್ಳಗಳನ್ನು ಆ ಜನ ಬಿಟ್ಟು ಹೋಗಿರಲಿಲ್ಲ. ಒಂದೊಂದೇ ಜಾಗ ನೋಡಿದಾಗ ತಿಳಿಯದ್ದು ಎಲ್ಲವನ್ನೂ ಒಂದು ಹಾಳೆಯ ಮೇಲೆ ಇಟ್ಟಾಗ ತಿಳಿಯಿತು. ನಕಾಶೆಯ ಮೊದಲನೆಯ ಗುಣ ಇದು.

ಅನಂತರದ ಕಾಲದಲ್ಲಿ ಕೆರೆ ಕಟ್ಟಿದ ನಮ್ಮ ಹಿರಿಯರನ್ನು ನೆನೆಯಿರಿ. ಎರಡು ದಿನ್ನೆಗಳು ಎಲ್ಲಿ ಹತ್ತಿರ ಬರುತ್ತವೆ, ಹಳ್ಳ ಎಲ್ಲಿ ಕುತ್ತಿಗೆಯಂತೆ ಕಿರಿದಾಗುತ್ತದೆ, ಅದರ ಹಿಂದೆ ಹೊಟ್ಟೆಯಂತೆ ಎಷ್ಟು ಹರವಾಗುತ್ತದೆ ಎಂಬುದನ್ನು ಅವರು ಕಣ್ಣಳತೆಯಲ್ಲೇ ಕಂಡುಕೊಂಡರು. ಕಟ್ಟದ ಕೆರೆಯನ್ನು ಮೊದಲು ಮನಸ್ಸಿನಲ್ಲಿ ತುಂಬಿಸಿ ನೋಡಿ, ನೀರು ಎಲ್ಲಿಯವರೆಗೆ ನಿಲ್ಲುವುದು, ಕೋಡಿ ಎಲ್ಲಿ ಬೀಳುವುದು ಎಂದು ಗೊತ್ತುಮಾಡಿ, ಆಮೇಲೆ ಗುದ್ದಲಿ ಹಾಕಿಸಿದರು. ಇಂದು ಗಣಕಯಂತ್ರದಲ್ಲಿ ಮಾಡುವ ಕೆಲಸವೂ ಇದೇ. ವ್ಯತ್ಯಾಸವೆಂದರೆ ಹಿರಿಯರ ಚಿತ್ರ ಅವರ ತಲೆಯೊಳಗಿತ್ತು. ಬೇರೆಯವರು ಅದನ್ನು ನೋಡಿ ‘ಇದು ತಪ್ಪು’ ಎಂದು ಹೇಳುವ ಹಾಗಿರಲಿಲ್ಲ.

ಸುರಪುರದ ಟೇಲರ್ ಸಾಹೇಬ

ಸುರಪುರದ ಗುಡ್ಡದ ಮೇಲಿರುವ ಟೇಲರ್ ಮಂಜಿಲ್ ನಿಮಗೆ ಗೊತ್ತು. ಅದನ್ನು ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರ್ 1808ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹುಟ್ಟಿದವನು. ಎಳೆಯ ವಯಸ್ಸಿನಲ್ಲೇ ಈ ದೇಶಕ್ಕೆ ಬಂದು ನಿಜಾಮ ಸರಕಾರದ ಪಡೆಯಲ್ಲಿ ಸೇರಿದ. ಶಾಲೆಯ ಓದು ಹೆಚ್ಚಿಲ್ಲದಿದ್ದರೂ ಭೂಮಾಪನ, ಕಟ್ಟಡದ ಕೆಲಸ, ಇಲ್ಲಿಯ ಭಾಷೆಗಳು ಇವನ್ನೆಲ್ಲ ತಾನೇ ಕಲಿತ. ಚಿತ್ರ ಬರೆಯುವ ಕೈಯೂ ಚೆನ್ನಾಗಿತ್ತು. ದಖ್ಖನ್ನಿನ ನೆಲ, ಕೋಟೆ, ಜನರ ಬಗೆಗೆ ಅವನು ಬರೆದ ಚಿತ್ರಗಳ ಪುಸ್ತಕ 1837ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು.

1840ರ ದಶಕದ ಆರಂಭದಲ್ಲಿ ಅವನು ಸುರಪುರ ಸಂಸ್ಥಾನಕ್ಕೆ ಬಂದ. ರಾಜಾ ವೆಂಕಟಪ್ಪ ನಾಯಕ ಆಗ ಇನ್ನೂ ಬಾಲಕ. 1853ರಲ್ಲಿ ರಾಜನು ಪ್ರಾಯಕ್ಕೆ ಬಂದು ಅಧಿಕಾರ ವಹಿಸಿಕೊಳ್ಳುವವರೆಗೆ ಸಂಸ್ಥಾನದ ಆಡಳಿತವನ್ನು ಟೇಲರ್ ನೋಡಿಕೊಂಡ. ಆ ಕಾಲದಲ್ಲಿ ಅವನು ಮಾಡಿದ ಕೆಲಸಗಳಲ್ಲಿ ನಮಗೆ ಬೇಕಾದವು ಎರಡು.

ಮೊದಲನೆಯದು ಬೋನಾಳ ಕೆರೆ. ಅದು ಸುರಪುರದ ನಾಯಕರ ಕಾಲದ್ದು; ಟೇಲರ್ ಅದನ್ನು ದೊಡ್ಡದು ಮಾಡಿಸಿದ. ಇಂದು ಆ ಕೆರೆಯಲ್ಲಿ ಪಕ್ಷಿಧಾಮವಿದೆ.

ಎರಡನೆಯದು ಹಳೆಯ ಸಮಾಧಿಗಳ ಚಿತ್ರ. ರಾಜನಕೋಳೂರು ಮೊದಲಾದ ಕಡೆ ದೊಡ್ಡ ದೊಡ್ಡ ಕಲ್ಲುಚಪ್ಪಡಿಗಳನ್ನು ನಿಲ್ಲಿಸಿ ಕಟ್ಟಿದ ಪುರಾತನ ಕಲ್ಮನೆಗಳೂ, ಕಲ್ಲುಗುಂಡುಗಳ ವರ್ತುಲಗಳೂ ಇವೆ. ಟೇಲರ್ ಇವುಗಳ ಅಳತೆ ತೆಗೆದು, ಕೆಲವನ್ನು ಅಗೆಸಿ, ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ 1850ರ ದಶಕದಲ್ಲಿ ಲೇಖನಗಳನ್ನು ಪ್ರಕಟಿಸಿದ. ಆಗ ಅವನು ಎರಡು ಬಗೆಯ ಚಿತ್ರ ಬರೆದ. ಒಂದು, ಹದ್ದು ಮೇಲಿನಿಂದ ನೋಡಿದಂಥ ಮೇಲ್ನೋಟ. ಇನ್ನೊಂದು, ರೊಟ್ಟಿ ಮುರಿದು ಒಳಗೆ ನೋಡಿದ ಹಾಗೆ, ನೆಲವನ್ನು ಮೇಲಿನಿಂದ ಕೆಳಕ್ಕೆ ಕತ್ತರಿಸಿದ ನೋಟ. ಮೇಲೆ ಯಾವ ಮಣ್ಣು, ಅದರ ಕೆಳಗೆ ಏನು, ಕಲ್ಲು ಎಲ್ಲಿ, ಮಡಕೆ ಎಲ್ಲಿ ಎಂದು ಪದರಪದರವಾಗಿ ತೋರಿಸಿದ. ಜೇವರ್ಗಿಯ ಸಮಾಧಿಗಳ ಕುರಿತು ಹೀಗೆ ಬರೆದ ಕತ್ತರಿಸಿದ ನೋಟಗಳನ್ನು ನೂರು ವರ್ಷದ ಮೇಲೆ ಮಾರ್ಟಿಮರ್ ವೀಲರ್‌ನಂಥ ಪುರಾತತ್ತ್ವಜ್ಞ ಕೂಡ ಮೆಚ್ಚಿಕೊಂಡ.

ರೈತನಿಗೆ ಇದರಿಂದೇನು ಎಂದು ಕೇಳಬಹುದು. ಬಾವಿ ತೋಡಿದವರಿಗೆ ಉತ್ತರ ಗೊತ್ತು. ಮೇಲೆ ಎಲ್ಲವೂ ಕಪ್ಪು ಎರೆಭೂಮಿಯೇ ಆಗಿ ಕಾಣುತ್ತದೆ. ತೋಡಿದರೆ ಒಬ್ಬನ ಹೊಲದಲ್ಲಿ ಆಳುದ್ದ ಎರೆ, ಪಕ್ಕದವನ ಹೊಲದಲ್ಲಿ ಮೊಳದಷ್ಟೇ ಎರೆ, ಅದರ ಕೆಳಗೆ ಗರಸು. ಹಿಂಗಾರಿ ಬಿಳಿಜೋಳ ಹಸಿ ಹಿಡಿದು ನಿಲ್ಲುವುದೋ, ತೆನೆ ಕಟ್ಟುವ ಮೊದಲೇ ಬಾಡುವುದೋ ಎಂಬುದು ಆ ಒಳಗಿನ ಪದರದ ಮೇಲೆ ನಿಂತಿದೆ. ಮೇಲ್ನೋಟದ ಚಿತ್ರ ಎಷ್ಟು ಚೆಂದವಿದ್ದರೂ ಅರ್ಧ ಮಾತನ್ನು ಮಾತ್ರ ಹೇಳುತ್ತದೆ. ಕತ್ತರಿಸಿದ ನೋಟವನ್ನೂ ಕೇಳಬೇಕು.

ಎತ್ತಿ ನೋಡುವ ಹಾಳೆ

ಇದುವರೆಗೆ ಹೇಳಿದ್ದು ಇದ್ದ ನೆಲದ ಚಿತ್ರ. ಮುಂದೆ ಆಗುವ ನೆಲದ ಚಿತ್ರವನ್ನು ಜನರ ಎದುರಿಗೆ ಇಡುವ ಪದ್ಧತಿಗೆ ಹೆಸರಾದವನು ಟೇಲರನಿಗಿಂತ ಮೊದಲಿನ ತಲೆಮಾರಿನ ಹಂಫ್ರಿ ರೆಪ್ಟನ್. ಇಂಗ್ಲೆಂಡಿನ ಸಿರಿವಂತರ ತೋಟ, ಬಯಲುಗಳನ್ನು ಹಸನುಮಾಡಿಕೊಡುವುದು ಅವನ ಕಸುಬು. 1752ರಿಂದ 1818ರವರೆಗೆ ಬದುಕಿದ್ದ. ಅನೇಕ ಕೆಲಸಗಳಿಗೆ ಅವನು ಕೆಂಪು ರಟ್ಟಿನ ಒಂದು ಪುಸ್ತಕ ಮಾಡಿಕೊಡುತ್ತಿದ್ದ. ಅದರಲ್ಲಿ ಈಗಿನ ನೆಲದ ಚಿತ್ರ; ಅದರ ಮೇಲೆ ಕದದಂತೆ ಅಂಟಿಸಿದ ಒಂದು ಚೂರು ಹಾಳೆ. ಹಾಳೆಯನ್ನು ಎತ್ತಿದರೆ ಅದೇ ನೆಲ ಕೆಲಸವಾದ ಮೇಲೆ ಹೇಗೆ ಕಾಣುವುದೆಂಬ ಚಿತ್ರ. ಮುಚ್ಚಿದರೆ ಇಂದು, ಎತ್ತಿದರೆ ನಾಳೆ. ನೋಡಿದ ಯಜಮಾನ ಕೂಡಲೇ ‘ಹೂಂ’ ಅನ್ನುತ್ತಿದ್ದುದರಲ್ಲಿ ಆಶ್ಚರ್ಯವೇನಿದೆ?

ಇಂದು ಗ್ರಾಮಸಭೆಯಲ್ಲಿ ತೋರಿಸುವ ಗಣಕಯಂತ್ರದ ಚಿತ್ರ ಆ ಎತ್ತುವ ಹಾಳೆಯ ಮೊಮ್ಮಗ. ಅದರ ಗುಣವೂ ಅದೇ, ದೋಷವೂ ಅದೇ. ಗುಣವೇನೆಂದರೆ ಹತ್ತು ಪುಟ ಓದಿದರೂ ತಿಳಿಯದ್ದು ಒಂದೇ ನೋಟಕ್ಕೆ ತಿಳಿಯುತ್ತದೆ. ದೋಷವೇನೆಂದರೆ ‘ನಾಳೆ’ಯ ಚಿತ್ರದಲ್ಲಿ ನೆಟ್ಟ ಸಸಿಯೆಲ್ಲ ಮರವಾಗಿಯೇ ನಿಂತಿರುತ್ತದೆ. ಮಳೆ ತಪ್ಪಿದ ವರ್ಷ, ಮೇಕೆ ತಿಂದ ಸಸಿ, ಹೂಳು ತುಂಬಿದ ಹೊಂಡ ಇವು ಆ ಚಿತ್ರದಲ್ಲಿ ಇರುವುದೇ ಇಲ್ಲ. ‘ಇದು ಎಷ್ಟು ವರ್ಷದ ಮೇಲಿನ ಚಿತ್ರ? ಬರಗಾಲ ಬಂದರೆ ಹೇಗೆ ಕಾಣುವುದು, ಅದನ್ನೂ ತೋರಿಸ್ರಿ’ ಎಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಸರಪಳಿಯ ನಕಾಶೆ

ಸುರಪುರಕ್ಕೆ ಹಿಂದಿರುಗೋಣ. ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಆಂಗ್ಲರ ವಿರುದ್ಧ ಎದ್ದು ನಿಂತು, ಸೆರೆಯಾಗಿ, ಅದೇ ವರ್ಷ ಗುಂಡೇಟಿನಿಂದ ತೀರಿಕೊಂಡ. 1860ರಲ್ಲಿ ಸುರಪುರ ನಿಜಾಮ ಸರಕಾರಕ್ಕೆ ಸೇರಿತು. ಯಾದಗಿರಿ, ಶಹಾಪುರ, ಸುರಪುರ ಮೂರೂ ಹೈದರಾಬಾದು ಸಂಸ್ಥಾನದಲ್ಲಿ ಉಳಿದು, 1956ರಲ್ಲಿ ಕನ್ನಡ ನಾಡಿನೊಡನೆ ಒಂದಾದವು. ನಿಜಾಮರ ಕಾಲದಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ, ಕಂದಾಯಕ್ಕಾಗಿ ಊರೂರಿನ ಮೋಜಣಿ ನಡೆಯಿತು.

ಸರಪಳಿ ಎಳೆದು ಅಳೆದ ಆ ನಕಾಶೆಯ ಲೆಕ್ಕ ಇಂದಿಗೂ ನಮ್ಮ ಬಾಯಲ್ಲಿದೆ. 33 ಅಡಿ ಉದ್ದ, 33 ಅಡಿ ಅಗಲದ ನೆಲ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಹೊಲಕ್ಕೊಂದು ನಂಬರು, ಮೂಲೆಗೊಂದು ಕಲ್ಲು. ಇದರಿಂದ ನಮಗೆ ಉಪಕಾರವಾಗಿಲ್ಲವೆಂದು ಹೇಳುವಂತಿಲ್ಲ. ‘ನನ್ನ ಬದು ನೀನು ಒತ್ತಿದಿ, ನಿನ್ನ ಬದು ನಾನು ಒತ್ತಿದೆ’ ಎಂಬ ಜಗಳಕ್ಕೆ ತೀರ್ಪು ಕೊಡುವುದು ಇಂದಿಗೂ ಆ ಕಲ್ಲು, ಆ ನಕಾಶೆ.

ಆದರೆ ಆ ನಕಾಶೆಯನ್ನು ಒಮ್ಮೆ ಎದುರಿಗೆ ಹರವಿಕೊಂಡು ನೋಡಿರಿ. ನಿಮ್ಮ ಹೊಲ ಮೇಲಿದೆಯೋ ಕೆಳಗಿದೆಯೋ ಅದು ಹೇಳದು. ಮಳೆಯ ನೀರು ಯಾರ ಹೊಲದಿಂದ ಯಾರ ಹೊಲಕ್ಕೆ ಹರಿಯುವುದೆಂದು ಹೇಳದು. ಸರಕಾರಕ್ಕೆ ಬೇಕಾಗಿದ್ದುದು ವಿಸ್ತೀರ್ಣ, ಕಂದಾಯದ ತರಹೆ. ಆದುದರಿಂದ ನಕಾಶೆಯಲ್ಲಿ ಅವೇ ಇವೆ. ಯಾರು ಯಾತಕ್ಕಾಗಿ ಬರೆದರೋ ಅದು ಮಾತ್ರ ನಕಾಶೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಉಳಿದುದು ಮಸುಕಾಗುತ್ತದೆ, ಇಲ್ಲವೆ ಬಿಟ್ಟೇಹೋಗುತ್ತದೆ. ಮುಂದೆ ಹೊಲಗಳಲ್ಲಿ ಬದು ಹಾಕುವಾಗ ನೀರಿನ ಇಳಿಜಾರನ್ನು ಬಿಟ್ಟು ಸರ್ವೆ ನಂಬರಿನ ಗಡಿಯನ್ನೇ ಹಿಡಿದು ಹೊರಟರೆ ಬದು ನಿಲ್ಲುವುದಿಲ್ಲ. ಗಡಿ ಮನುಷ್ಯ ಮಾಡಿದ್ದು. ನೀರು ಅದನ್ನು ಓದಲಾರದು.

ನೀರಿನ ಗೆರೆ

ಎತ್ತರವನ್ನು ಕಾಗದದ ಮೇಲೆ ತೋರಿಸಲು ಒಂದು ಉಪಾಯವುಂಟು. ಅದಕ್ಕೆ ಸಮೋನ್ನತಿ ರೇಖೆ ಎನ್ನುತ್ತಾರೆ. ಹೆಸರು ಕಠಿಣ, ವಿಷಯ ಸುಲಭ. ಬೇಸಿಗೆಯಲ್ಲಿ ಬೋನಾಳ ಕೆರೆಯ ದಂಡೆಗೆ ಹೋಗಿ ನೋಡಿರಿ. ನೀರು ಇಳಿದಂತೆಲ್ಲ ದಂಡೆಯ ಮೇಲೆ ಸುತ್ತಲೂ ಒಂದೊಂದು ಗೆರೆ ಉಳಿದಿರುತ್ತದೆ. ಒಂದು ಗೆರೆಯ ಮೇಲಿನ ಎಲ್ಲ ಜಾಗವೂ ಒಂದೇ ಎತ್ತರದಲ್ಲಿರುತ್ತದೆ. ಆ ಗೆರೆಗಳನ್ನೇ ಕಾಗದದ ಮೇಲೆ ಬರೆದರೆ ಅದು ಸಮೋನ್ನತಿ ನಕಾಶೆ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಇಳಿಜಾರು. ದೂರ ದೂರವಿದ್ದರೆ ಮಟ್ಟಸ ನೆಲ.

ಈ ಗೆರೆ ನಮ್ಮ ಜಿಲ್ಲೆಯ ಹಣೆಬರಹವನ್ನೇ ಬದಲಿಸಿತು. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರ ಮೇ 22ರಂದು ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. ನಾರಾಯಣಪುರದ ಅಣೆಕಟ್ಟು, ಅಂದರೆ ಬಸವಸಾಗರ, 1982ರಲ್ಲಿ ಸಿದ್ಧವಾಯಿತು. ಆ ಜಲಾಶಯ ಪೂರ್ತಿ ತುಂಬಿದಾಗ ನೀರು ಸಮುದ್ರಮಟ್ಟದಿಂದ 492.25 ಮೀಟರು ಎತ್ತರದಲ್ಲಿ ನಿಲ್ಲುತ್ತದೆ. ನೀರು ಬರುವುದಕ್ಕೆ ಎಷ್ಟೋ ಮೊದಲೇ ಆ ಎತ್ತರದ ಗೆರೆ ಕಾಗದದ ಮೇಲೆ ಬಿದ್ದಿತ್ತು. ಗೆರೆಯ ಒಳಗಿದ್ದ ಮನೆ, ಹೊಲ, ಗುಡಿ ಮುಳುಗುವವು, ಹೊರಗಿದ್ದವು ಉಳಿಯುವವು. ಒಂದು ಚಿತ್ರ ಎಷ್ಟು ತೂಕದ್ದೆಂಬುದನ್ನು ಆ ಊರುಗಳವರನ್ನು ಕೇಳಬೇಕು.

ಕಾಲುವೆಯದೂ ಇದೇ ಕಥೆ. ನೀರು ಯಂತ್ರವಿಲ್ಲದೆ ತಾನೇ ಹರಿಯಬೇಕಾದರೆ ಕಾಲುವೆ ನಕಾಶೆಯ ಗೆರೆಯನ್ನು ಹಿಡಿದು ಸ್ವಲ್ಪ ಸ್ವಲ್ಪವೇ ಇಳಿಯುತ್ತ ಹೋಗಬೇಕು. ನಾರಾಯಣಪುರ ಎಡದಂಡೆ ಕಾಲುವೆ 78 ಕಿಲೋಮೀಟರು ಹೀಗೆ ಸಾಗಿ ಬರುತ್ತದೆ. ಅದರ ನೀರನ್ನು ಶಹಾಪುರ ಶಾಖಾ ಕಾಲುವೆ ಮೊದಲಾದವು ಮುಂದಕ್ಕೆ ಒಯ್ಯುತ್ತವೆ. ಕಾಲುವೆಯ ಕೆಳಗಿನವನಿಗೆ ನೀರಾವರಿ, ಮೇಲಿನವನಿಗೆ ಮೋಡದ ದಾರಿ. ನಡುವೆ ಇರುವುದು ಒಂದು ಗೆರೆ.

ಆ ಯೋಜನೆಯ ಚಿತ್ರದಲ್ಲಿ ಇನ್ನೊಂದು ಮಾತೂ ಇತ್ತು. ಈ ಭಾಗದ ಬಹುಪಾಲು ನೆಲಕ್ಕೆ ಜೋಳ, ಶೇಂಗಾ, ಹತ್ತಿಗಳಂಥ ಕಡಿಮೆ ನೀರಿನ ಬೆಳೆ ಎಂದು ಎಣಿಸಿ ನೀರಿನ ಲೆಕ್ಕ ಹಾಕಿದ್ದರು. ನೀರು ಬಂದ ಮೇಲೆ ಹೊಲದಲ್ಲಿ ಎದ್ದದ್ದು ಭತ್ತ. ಮೇಲ್ಭಾಗದಲ್ಲಿ ಭತ್ತ ನಿಂತರೆ ಕಾಲುವೆಯ ಕೊನೆಯವರಿಗೆ ನೀರು ಮುಟ್ಟದು. ಬಸಿಗಾಲುವೆ ಸರಿಯಿಲ್ಲದ ಎರೆಭೂಮಿಯಲ್ಲಿ ಯಾವಾಗಲೂ ನೀರು ನಿಂತರೆ ಸವಳು ಏಳುತ್ತದೆ, ಜವಳು ಹಿಡಿಯುತ್ತದೆ. ಹೀಗೆ ಕೆಟ್ಟ ಹೊಲಗಳನ್ನು ಸುರಪುರ, ಶಹಾಪುರದ ಕಡೆ ನೀವೇ ಕಂಡಿದ್ದೀರಿ. ಬೀಳುಬಿಟ್ಟ ಹೊಲದ ಮೇಲೆ ಬೆಳ್ಳಗೆ ಉಪ್ಪು ಎದ್ದುದನ್ನು ನೋಡಿದ ರೈತನ ಹೊಟ್ಟೆ ಉರಿಯದಿದ್ದೀತೆ?

ತಪ್ಪು ಚಿತ್ರದ್ದೋ, ಭತ್ತ ಹಾಕಿದವರದೋ ಎಂದು ಈಗ ಜಗಳವಾಡಿ ಫಲವಿಲ್ಲ. ಎರಡೂ ಕಡೆ ಕೊರತೆಯಿತ್ತು. ಕಾಗದದ ಮೇಲೆ ಬೆಳೆ ಬರೆದವರು, ನೀರು ಕೈಗೆ ಸಿಕ್ಕ ರೈತ ಏನು ಮಾಡಿಯಾನು ಎಂದು ರೈತನನ್ನೇ ಕೇಳಿ ನೋಡಲಿಲ್ಲ. ಭತ್ತ ಹಾಕಿದವರು, ತಮ್ಮ ಹೊಲ ಇಡೀ ಚಿತ್ರದಲ್ಲಿ ಎಲ್ಲಿದೆ, ಕೊನೆಯವನ ಹೊಲ ಎಲ್ಲಿದೆ ಎಂದು ಕಣ್ಣೆತ್ತಿ ನೋಡಲಿಲ್ಲ. ಇಬ್ಬರೂ ಒಂದೇ ಚಿತ್ರದ ಮುಂದೆ ಕುಳಿತು ಮಾತನಾಡಿದ್ದರೆ ಕೆಲವು ಎಕರೆಯಾದರೂ ಉಳಿಯುತ್ತಿತ್ತು.

ಚಿತ್ರಕ್ಕೆ ದಿನವೂ ಮುಖ್ಯ. ಸುರಪುರ ತಾಲೂಕಿನ ನೀಲಕಂಠರಾಯನ ಗಡ್ಡಿ ಕೃಷ್ಣೆಯ ನಡುಗಡ್ಡೆ. ಬೇಸಿಗೆಯ ಚಿತ್ರದಲ್ಲಿ ಅದು ಹೊಳೆಯ ನಡುವಿನ ಹಸಿರು ತುಣುಕು, ಅಷ್ಟೇ. ಜಲಾಶಯದ ಬಾಗಿಲು ತೆರೆದು ಹೊಳೆ ಏರಿದ ದಿನ ಅಲ್ಲಿಯವರಿಗೆ ಆಚೆ ದಡಕ್ಕೆ ದಾರಿಯೇ ಇರುತ್ತಿರಲಿಲ್ಲ. ಒಂದೇ ಊರು, ಎರಡು ಚಿತ್ರ. ಬೇಸಿಗೆಯ ಚಿತ್ರವನ್ನು ಮಾತ್ರ ನೋಡಿದವನು ಆ ಊರಿಗೆ ಸೇತುವೆ ಏಕೆ ಬೇಕಾಗಿತ್ತೆಂಬುದನ್ನು ಅರಿಯಲಾರ. 2020ರ ಅಕ್ಟೋಬರದಲ್ಲಿ ಭೀಮೆ ಉಕ್ಕಿ ದಂಡೆಯ ಹೊಲಗಳನ್ನು ನುಂಗಿದಾಗಲೂ ಇದೇ ಪಾಠ ದೊರಕಿತು.

ರಂಗೋಲಿಯ ನಕಾಶೆ

ಈಗ ನನಗೆ ಬಹಳ ಇಷ್ಟವಾದ ಮಾತಿಗೆ ಬರುತ್ತೇನೆ. 2009ರ ಕೊನೆಗೆ ಯಾದಗಿರಿ ಬೇರೆ ಜಿಲ್ಲೆಯಾಗುವವರೆಗೆ ನಾವೆಲ್ಲ ಕಲಬುರಗಿ ಜಿಲ್ಲೆಯವರೇ. ಆ ಜಿಲ್ಲೆಯಲ್ಲಿ 1980ರ ದಶಕದಲ್ಲಿ ಮೈರಾಡ ಎಂಬ ಸಂಸ್ಥೆ, ರಾಜ್ಯ ಸರಕಾರ ಮತ್ತು ಸ್ವಿಸ್ ದೇಶದ ನೆರವಿನೊಡನೆ, ಜಲಾನಯನ ಅಭಿವೃದ್ಧಿಯ ಕೆಲಸ ಕೈಗೊಂಡಿತು. ಒಂದು ಹಳ್ಳಕ್ಕೆ ನೀರು ಹರಿದು ಬರುವ ಇಡೀ ನೆಲವನ್ನು ಒಂದು ಹೊಲವೆಂದು ತಿಳಿದು, ಮೇಲಿನಿಂದ ಕೆಳಗಿನವರೆಗೆ ಮಣ್ಣನ್ನೂ ನೀರನ್ನೂ ಕಾಯುವುದು ಇದರ ಉದ್ದೇಶ.

1990ರ ಸುಮಾರಿಗೆ ಅಲ್ಲಿ ಒಂದು ಹೊಸ ಪದ್ಧತಿ ನಡೆಯಿತು. ನಕಾಶೆಯನ್ನು ಅಧಿಕಾರಿಗಳು ಬರೆದು ತರುವ ಬದಲು, ರೈತರೇ ಊರ ಬಯಲಿನಲ್ಲಿ ನೆಲದ ಮೇಲೆ ಬರೆದರು. ರಂಗೋಲಿ ಪುಡಿ, ಬಣ್ಣದ ಪುಡಿ, ಕಲ್ಲು, ಎಲೆ, ಕಡ್ಡಿ ಇವೇ ಸಾಮಾನು. ಮಣ್ಣನ್ನು ಏರಿಸಿ ದಿನ್ನೆ ಮಾಡಿದರು, ಬೆರಳಿನಿಂದ ಗೀರಿ ಹಳ್ಳ ಮಾಡಿದರು, ಸೊಪ್ಪು ಸಿಗಿಸಿ ಗಿಡ ನೆಟ್ಟರು. ಹಿರಿಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ತಾವು ಹುಡುಗರಾಗಿದ್ದಾಗ ಇದೇ ನೆಲ ಹೇಗಿತ್ತೆಂದು ಒಂದು ಮಾದರಿ, ಈಗ ಹೇಗಿದೆಯೆಂದು ಇನ್ನೊಂದು ಮಾದರಿ. ಎರಡನ್ನೂ ನೋಡಿದ ಮೇಲೆ ಎಷ್ಟು ಗಿಡ ಹೋಯಿತು, ಎಷ್ಟು ಕೊರಕಲು ಬಿತ್ತು ಎಂದು ಯಾರೂ ಭಾಷಣ ಮಾಡಬೇಕಾಗಲಿಲ್ಲ. ರೆಪ್ಟನ್ನನ ಹಾಳೆ ಎತ್ತಿದರೆ ಚೆಂದದ ನಾಳೆ ಕಾಣುತ್ತಿತ್ತು. ನಮ್ಮ ಮುತ್ಯಾಗಳು ಎತ್ತಿ ತೋರಿಸಿದ್ದು ಕಳೆದುಹೋದ ನಿನ್ನೆ. ಏನನ್ನು ಮರಳಿ ಪಡೆಯಬೇಕೆಂಬುದು ಅದರಿಂದಲೇ ತಿಳಿಯಿತು.

ಇಂಗ್ಲೆಂಡಿನ ಸಸೆಕ್ಸ್‌ನ ರಾಬರ್ಟ್ ಚೇಂಬರ್ಸ್ ಎಂಬ ವಿದ್ವಾಂಸರು ಮೈರಾಡದಂಥ ಸಂಸ್ಥೆಗಳೊಡನೆ ಈ ಪದ್ಧತಿಯನ್ನು ಕಂಡು ಬರೆದುದರಿಂದ ಇದು ಬೇರೆ ಬೇರೆ ದೇಶಗಳಿಗೂ ಹರಡಿತು. ನಮ್ಮ ಹೆಣ್ಣುಮಕ್ಕಳು ದಿನಾ ಬೆಳಗಿನಲ್ಲಿ ಬಾಗಿಲ ಮುಂದೆ ಹಿಡಿಯುವ ಪುಡಿ ವಿದ್ವಾಂಸರ ಪುಸ್ತಕ ಸೇರಿತು.

ನೆಲದ ಮೇಲೆ ಬರೆಯುವುದರಲ್ಲಿ ವಿಶೇಷವೇನು? ಕಾಗದವಾದರೆ ಪೆನ್ನು ಒಬ್ಬನ ಕೈಯಲ್ಲಿ. ನೆಲವಾದರೆ ಪುಡಿ ಎಲ್ಲರ ಕೈಯಲ್ಲಿ. ಊರಲ್ಲಿ ಹೀಗೆ ಬರೆಯುವಾಗ ಆಗುವ ಮಾತು ನೀವೇ ಊಹಿಸಬಹುದು.

‘ಏ ತಮ್ಮಾ, ಹಳ್ಳ ಅಲ್ಲಿ ತಿರುಗಂಗಿಲ್ಲೋ. ಬೇವಿನ ಗಿಡ ದಾಟಿ ತಿರುಗ್ತದ.’

‘ಇಲ್ಲ ಮುತ್ಯಾ, ಅದು ಮೊದಲಿನ ಮಾತು. ಹೋದ ದೊಡ್ಡ ಮಳಿಗೆ ದಂಡಿ ಕಡದು ಈಕಡಿ ಬಂದದ.’

‘ನೀವಿಬ್ರೂ ಗಿಡ, ಹಳ್ಳ ಅಂತೀರಿ. ನಾವು ನೀರು ತರೋ ಒರತಿ ಎಲ್ಲದ ಇದರಾಗ?’ ಎಂದು ಕೊಡ ಹೊತ್ತ ಒಬ್ಬ ತಾಯಿ ಕೇಳುತ್ತಾಳೆ. ಆಗ ಒರತಿಯೂ ನಕಾಶೆಗೆ ಬರುತ್ತದೆ. ಸರಪಳಿಯ ನಕಾಶೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಇದನ್ನು ನೀವೂ ಮಾಡಿ ನೋಡಬಹುದು. ಬೇಸಿಗೆಯಲ್ಲಿ, ಕೆಲಸ ಕಡಿಮೆಯಿರುವಾಗ, ಗುಡಿಯ ಮುಂದಿನ ಬಯಲಿನಲ್ಲಿ ಮಣ್ಣು ಹಾಕಿ ನಿಮ್ಮ ಊರಿನ ನೆಲ ಮಾಡಿರಿ. ಮರಡಿ, ಎರೆ, ಮಸಾರಿ, ಗಾಯರಾಣ, ಕೆರೆ ಎಲ್ಲ ಗುರುತಿಸಿರಿ. ಆಮೇಲೆ ಜರಡಿಯಿಂದ ಒಂದು ಕೊಡ ನೀರನ್ನು ಮೇಲಿನ ಭಾಗಕ್ಕೆ ನಿಧಾನವಾಗಿ ಸುರಿಯಿರಿ. ಮಳೆ ಎಲ್ಲಿ ಬಿದ್ದು ಎಲ್ಲಿ ಸೇರುವುದೆಂದು ಮಕ್ಕಳೂ ಹೇಳುವರು. ಒಂದು ಎಚ್ಚರ ಮಾತ್ರ ಇರಲಿ. ಮಣ್ಣಿನ ಮಾದರಿಯಲ್ಲಿ ದಿನ್ನೆ ಎತ್ತರವಾಗಿಬಿಡುತ್ತದೆ. ನಿಜವಾದ ಹೊಲದಲ್ಲಿ ಇಳಿಜಾರು 100 ಅಡಿಗೆ 1 ಅಡಿಯಷ್ಟೇ ಇರಬಹುದು. ಕಣ್ಣಿಗೆ ಅದು ಮಟ್ಟಸವೇ. ಮಾದರಿಯಲ್ಲಿ ನೀರು ಓಡಿದಷ್ಟು ವೇಗವಾಗಿ ಹೊಲದಲ್ಲಿ ಓಡದು. ಗಣಕಯಂತ್ರದ ಚಿತ್ರದಲ್ಲಿಯೂ ಗುಡ್ಡ ಚೆನ್ನಾಗಿ ಕಾಣಲೆಂದು ಎತ್ತರವನ್ನು ಹಿಗ್ಗಿಸುವುದುಂಟು. ‘ಎಷ್ಟು ಪಟ್ಟು ಹಿಗ್ಗಿಸೀರಿ?’ ಎಂದು ಕೇಳಿರಿ.

ಆಕಾಶದಿಂದ ಕಂಡ ಹೊಲ

ನಿತ್ಯದ ಬಳಕೆಗೆ ಬಂದ ನಮ್ಮ ದೇಶದ ಮೊದಲ ದೂರಸಂವೇದಿ ಉಪಗ್ರಹ ಐ.ಆರ್.ಎಸ್. 1ಎ 1988ರ ಮಾರ್ಚ್ 17ರಂದು ಆಕಾಶ ಸೇರಿತು. 2005ರ ಮೇ 5ರಂದು ಹಾರಿದ ಕಾರ್ಟೊಸ್ಯಾಟ್ 1ರಲ್ಲಿ ಎರಡು ಕ್ಯಾಮೆರಾಗಳಿದ್ದವು. ಮನುಷ್ಯನಿಗೆ ಎರಡು ಕಣ್ಣು ಇರುವುದರಿಂದಲೇ ದೂರ ಹತ್ತಿರ ತಿಳಿಯುವಂತೆ, ಎರಡು ಕೋನದಿಂದ ತೆಗೆದ ಚಿತ್ರಗಳಿಂದ ನೆಲದ ಎತ್ತರ ತಗ್ಗು ಲೆಕ್ಕ ಹಾಕಬಹುದು. ಆ ಲೆಕ್ಕದ ನೆಲದ ಮೇಲೆ ಗಣಕಯಂತ್ರ ಮಳೆ ಸುರಿಸುತ್ತದೆ, ಹೊಳೆ ಏರಿಸುತ್ತದೆ, ಒಡ್ಡು ಕಟ್ಟುತ್ತದೆ. ನಾವು ಜರಡಿಯಿಂದ ಸುರಿದ ನೀರೇ ಅದು, ದೊಡ್ಡ ಪ್ರಮಾಣದಲ್ಲಿ.

ನಮಗೆ ಇನ್ನೂ ಹತ್ತಿರದ್ದು ಸುಜಲ ಯೋಜನೆಯ ಮೂರನೆಯ ಹಂತ. ವಿಶ್ವಬ್ಯಾಂಕಿನ ನೆರವಿನಿಂದ 2012ರಿಂದ 2019ರವರೆಗೆ ರಾಜ್ಯದ 11 ಜಿಲ್ಲೆಗಳಲ್ಲಿ ಅದು ನಡೆಯಿತು; ಯಾದಗಿರಿಯೂ ಅವುಗಳಲ್ಲಿ ಒಂದು. ಮಣ್ಣು ಸಮೀಕ್ಷೆಯ ರಾಷ್ಟ್ರೀಯ ಸಂಸ್ಥೆಯವರು ಉಪಗ್ರಹದ ಚಿತ್ರ ಹಿಡಿದುಕೊಂಡು ಹೊಲಕ್ಕೆ ಬಂದರು. ಬರೀ ಮೇಲಿನಿಂದ ನೋಡಿ ಹೋಗಲಿಲ್ಲ. ಗುಂಡಿ ತೋಡಿ ಮಣ್ಣಿನ ಪದರ ನೋಡಿದರು. ಟೇಲರನ ಕತ್ತರಿಸಿದ ನೋಟ ಇಲ್ಲಿ ರೈತನ ಕೆಲಸಕ್ಕೆ ಬಂತು. ಮಣ್ಣಿನ ಆಳ, ಇಳಿಜಾರು, ಗರಸು, ಉಪ್ಪು ಎಲ್ಲ ಗುರುತಿಸಿ, ಯಾವ ಸರ್ವೆ ನಂಬರಿಗೆ ತೊಗರಿ ತುಂಬ ಯೋಗ್ಯ, ಯಾವುದಕ್ಕೆ ಸಾಧಾರಣ, ಯಾವುದಕ್ಕೆ ಅಲ್ಪ, ಯಾವುದಕ್ಕೆ ಅಯೋಗ್ಯ ಎಂದು ಬೆಳೆಬೆಳೆಗೂ ಬಣ್ಣದ ನಕಾಶೆ ಮಾಡಿದರು.

ಇಲ್ಲಿ ಒಂದು ಲೆಕ್ಕ ಹೇಳುತ್ತೇನೆ. ಸಾಮಾನ್ಯವಾದ ಸರ್ವೆ ಆಫ್ ಇಂಡಿಯಾ ನಕಾಶೆಯಲ್ಲಿ 1 ಸೆಂಟಿಮೀಟರೆಂದರೆ ನೆಲದ ಮೇಲೆ 500 ಮೀಟರು. ಅದರಲ್ಲಿ ನಿಮ್ಮ ಒಂದು ಎಕರೆ ಒಂದು ಸಾಸಿವೆ ಕಾಳಿನಷ್ಟು. ಸುಜಲದ ನಕಾಶೆ ಮೈಲಿಗೆ 8 ಅಂಗುಲದ್ದು, ಅಂದರೆ 7,920ಕ್ಕೆ 1. ಅದರಲ್ಲಿ ನಿಮ್ಮ ಎಕರೆ ಒಂದು ಕಡಲೆ ಕಾಳಿನಷ್ಟು. ಸಾಸಿವೆಯಷ್ಟು ಜಾಗದಲ್ಲಿ ಒಡ್ಡು ಎಲ್ಲಿ ಬರಬೇಕೆಂದು ಯಾರೂ ಹೇಳಲಾರರು. ಕಡಲೆಯಷ್ಟು ಜಾಗದಲ್ಲಿ ಬೆಳೆ ಯಾವುದೆಂದು ಹೇಳಬಹುದು. ಆದರೂ ಒಡ್ಡಿನ ಮೂಲೆಯನ್ನು ಹೊಲಕ್ಕೇ ಬಂದು ಗುರುತು ಹಾಕಬೇಕು.

ಚಿತ್ರದ ಮುಂದೆ ಕೇಳಬೇಕಾದ ಪ್ರಶ್ನೆಗಳು

ಇಷ್ಟು ಇತಿಹಾಸದಿಂದ ನಾವು ಕಲಿತದ್ದನ್ನು ಐದು ಪ್ರಶ್ನೆಗಳಾಗಿ ಮಾಡಿಕೊಳ್ಳೋಣ.

ಒಂದನೆಯದು: ಇದನ್ನು ಯಾರು, ಯಾವ ಕೆಲಸಕ್ಕಾಗಿ ಬರೆದರು? ಕಂದಾಯಕ್ಕೆ ಬರೆದ ನಕಾಶೆಯಿಂದ ನೀರಿನ ಕೆಲಸ ಮಾಡಹೊರಟಿದ್ದರೆ ಅಲ್ಲಿಯೇ ನಿಲ್ಲಿಸಿರಿ.

ಎರಡನೆಯದು: ಎಲ್ಲಿ ನಿಂತು ನೋಡಿದ ಚಿತ್ರ? ಮಲಗಿದ ಬುದ್ಧನನ್ನು ಮರೆಯಬೇಡಿರಿ. ಕಾಲುವೆಯ ತಲೆಯಿಂದ ನೋಡಿದ್ದೋ, ಕೊನೆಯಿಂದ ನೋಡಿದ್ದೋ?

ಮೂರನೆಯದು: ಯಾವ ದಿನದ ಚಿತ್ರ? ಮಳೆಗಾಲದ್ದೋ, ಬೇಸಿಗೆಯದೋ, ಹತ್ತು ವರ್ಷ ಹಳೆಯದೋ?

ನಾಲ್ಕನೆಯದು: ನನ್ನ ಎಕರೆ ಇದರಲ್ಲಿ ಎಷ್ಟು ದೊಡ್ಡದು? ಸಾಸಿವೆಯೋ, ಕಡಲೆಯೋ?

ಐದನೆಯದು: ಇದನ್ನು ಹೊಲದಲ್ಲಿ ನಿಂತು ಸರಿನೋಡಿದವರು ಯಾರು? ಯಾರೂ ಇಲ್ಲವೆಂದರೆ ಆ ಕೆಲಸ ನಿಮ್ಮದು. ಚಿತ್ರವನ್ನು ಹಿಡಿದುಕೊಂಡು ಮೇಲಿನ ಮರಡಿಯಿಂದ ಕೆಳಗಿನ ಹಳ್ಳದವರೆಗೆ ನಡೆಯಿರಿ. ಹಿರಿಯರನ್ನೂ ಹೆಣ್ಣುಮಕ್ಕಳನ್ನೂ ಕುರಿ ಕಾಯುವವರನ್ನೂ ಜೊತೆಗೆ ಕರೆಯಿರಿ. ತಪ್ಪು ಕಂಡಲ್ಲಿ ಗುರುತು ಹಾಕಿ, ಅದನ್ನು ಬರಹದಲ್ಲಿ ಗ್ರಾಮಸಭೆಗೆ ಕೊಡಿರಿ.

ಅಧಿಕಾರಿಗಳೊಡನೆ ಜಗಳಕ್ಕೆ ನಿಲ್ಲಿರೆಂದು ನಾನು ಹೇಳುತ್ತಿಲ್ಲ. ನಕಾಶೆ ಬರೆಯುವವರಲ್ಲಿ ಬಹಳ ಜನ ಒಳ್ಳೆಯ ಮನಸ್ಸಿನವರು. ಅವರಿಗೆ ಆಕಾಶದಿಂದ ಕಾಣುವುದು ನಮಗೆ ಕಾಣುವುದಿಲ್ಲ. ನಮಗೆ ಕಾಲಿನಡಿಯಲ್ಲಿ ತಿಳಿಯುವುದು ಅವರಿಗೆ ತಿಳಿಯುವುದಿಲ್ಲ. ಎರಡನ್ನೂ ಕೂಡಿಸಿದರೆ ಕೆಲಸ ನಿಲ್ಲುತ್ತದೆ, ಮಣ್ಣು ಉಳಿಯುತ್ತದೆ.

ಈ ಮುಂಗಾರಿಯ ಮೊದಲ ದೊಡ್ಡ ಮಳೆ ಬಿದ್ದ ದಿನ, ಮಳೆ ನಿಂತ ಕೂಡಲೇ, ತಲೆಗೊಂದು ಕೊಪ್ಪೆ ಹಾಕಿಕೊಂಡು ನಿಮ್ಮ ಹೊಲಕ್ಕೆ ಹೋಗಿರಿ. ನೀರು ಎಲ್ಲಿ ಬದು ಒಡೆಯಿತು, ಎಲ್ಲಿ ನಿಂತಿತು, ಯಾರ ಹೊಲದಿಂದ ಬಂತು, ಯಾರ ಹೊಲಕ್ಕೆ ಹೋಯಿತು ಎಂದು ನೋಡಿಕೊಂಡು, ಮನೆಗೆ ಬಂದು ಮಕ್ಕಳ ಪಾಟಿಯ ಮೇಲೆಯೋ ನೋಟುಪುಸ್ತಕದ ಮೇಲೆಯೋ ಬರೆದಿಡಿರಿ. ಗೆರೆ ಸೊಟ್ಟಗಿದ್ದರೂ ಚಿಂತೆಯಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಗೋಡೆಯ ಮೇಲೆ ಬಣ್ಣದ ನಕಾಶೆ ತೂಗಿದಾಗ ನಿಮ್ಮ ಆ ಹಾಳೆ ಕೈಯಲ್ಲಿರಲಿ.